ಬಿಡದೆ ಹಿಡಿದ ಹಗ್ಗ

"ಗುರುಗಳೇ, ನನ್ನಲ್ಲಿ ಏನು ಕಡಿಮೆಯಾಗಿದೆ?"

ಮಠದ ವೈದ್ಯಶಾಲೆಯಲ್ಲಿ ಕಲಿಯುತ್ತಿದ್ದ ಶಿಷ್ಯನೊಬ್ಬ ಹೀಗೆ ಕೇಳಿದ. ಗುರು ಒಣಗಿದ ಬೇರುಗಳನ್ನು ಹರಡಿಕೊಂಡು ಹುಳುಕು ಆರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಯಾಕಪ್ಪಾ, ಯಾರು ಏನೆಂದರು?"

"ಯಾರೂ ಏನೂ ಅನ್ನಲಿಲ್ಲ. ನೀವೂ ಅನ್ನಲಿಲ್ಲ. ಅದೇ ನನಗೆ ಸಂಕಟ. ಯಾವ ಸೂತ್ರ ಕೇಳಿದರೂ ತಡವರಿಸದೆ ಹೇಳುತ್ತೇನೆ. ಕಣ್ಣು ಕಟ್ಟಿದರೂ ವಾಸನೆಯಿಂದ ಬೇರಿನ ಹೆಸರು ಹೇಳುತ್ತೇನೆ. ಕಷಾಯದ ಹದ ನನ್ನಂತೆ ಇನ್ನೊಬ್ಬನಿಗೆ ಬರುವುದಿಲ್ಲ ಎಂದು ನಾಲ್ಕು ಜನರೆದುರು ನೀವೇ ಹೇಳಿದ್ದೀರಿ. ನಿನ್ನೆ ನನ್ನ ಜೊತೆ ಕಲಿಯುವ ಚಿಕ್ಕೀರ ಊಟಕ್ಕೆ ಹೋಗಿದ್ದಾಗ ಒಬ್ಬ ಹೆಂಗಸು ಕಣ್ಣು ಕೆಂಪು ಮಾಡಿಕೊಂಡು ಬಂದಳು. ನೀರು ಸೋರುತ್ತಿತ್ತು. ರೆಪ್ಪೆ ಬಿಡಿಸಿ ನೋಡಿದೆ, ಉಷ್ಣವೆಂದು ಗುರುತಿಸಿದೆ, ನಂದಿಬಟ್ಟಲ ಹೂವಿನ ರಸ ಬಿಟ್ಟು ಕಳಿಸಿದೆ. ಮದ್ದಿನಲ್ಲಿ ತಪ್ಪಿದೆಯೇ?"

"ಇಲ್ಲ. ಮದ್ದು ಸರಿಯಾಗಿದೆ."

"ಹಾಗಿದ್ದ ಮೇಲೆ ರೋಗಿಗಳು ಕೂರುವ ಜಗುಲಿಯನ್ನು ಚಿಕ್ಕೀರನಿಗೆ ಯಾಕೆ ಒಪ್ಪಿಸಿದಿರಿ? ಅವನಿಗೆ ಇನ್ನೂ ಒಂದು ಸೂತ್ರ ನೆಟ್ಟಗೆ ಬಾರದು. ನನ್ನನ್ನು ಒಳಗೆ ಒರಳಿನ ಮುಂದೆ ಕೂರಿಸಿದ್ದೀರಿ. ಮುಂದಿನ ಸುಗ್ಗಿಗೆ ನಾನು ಊರಿಗೆ ಹೋಗಬೇಕು. ಅರೆಯುವುದು, ಕುದಿಸುವುದು ಇಷ್ಟನ್ನೇ ಕಲಿತು ಹೋದರೆ ನನ್ನನ್ನು ಅಡುಗೆಯವನು ಅಂದಾರು, ವೈದ್ಯ ಅನ್ನಲಾರರು."

ಗುರು ಒಂದು ಬೇರನ್ನು ಮುರಿದು ನೋಡಿ ಪಕ್ಕಕ್ಕೆ ಎಸೆದರು.

"ಒಲೆಯ ಮೇಲೆ ಏನಿದೆ?"

"ಅಮೃತಬಳ್ಳಿಯ ಕಷಾಯ. ಇಳಿಯಲು ಇನ್ನೂ ಹೊತ್ತಿದೆ."

"ಹಾಗಾದರೆ ಕೂತುಕೋ" ಎಂದು ಗುರು ಈ ಕತೆ ಹೇಳಿದರು.

*

ಒಂದು ಸಂತೆಯ ಊರಿನಲ್ಲಿ ಕೀಲು ಕೂಡಿಸುವ ವೈದ್ಯನಿದ್ದ. ಮರದಿಂದ ಬಿದ್ದವರು, ಗಾಡಿಯಿಂದ ಉರುಳಿದವರು, ಕುಸ್ತಿಯಲ್ಲಿ ಭುಜ ತಪ್ಪಿಸಿಕೊಂಡವರು ಅವನ ಜಗುಲಿಗೆ ಬರುತ್ತಿದ್ದರು. ಬರುವಾಗ ನಾಲ್ವರ ಹೆಗಲ ಮೇಲೆ ಬಂದವರು ಹೋಗುವಾಗ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದರು. ಒಳ್ಳೆಯ ಮಾಲಿಗೆ ಕೂಗು ಬೇಡ. ಅವನ ಹೆಸರು ತಾನಾಗಿ ಸುತ್ತಲ ಸೀಮೆಗೆ ಹಬ್ಬಿತ್ತು.

ವೈದ್ಯನಿಗೆ ವಯಸ್ಸಾಯಿತು. ಒಬ್ಬ ಯುವಕನನ್ನು ಕಲಿಯಲು ಇಟ್ಟುಕೊಂಡ.

ಆ ಮನೆತನದ ಕಲಿಕೆಗೆ ಒಂದು ಕ್ರಮವಿತ್ತು. ಒಂದು ಮಣ್ಣಿನ ಮಡಕೆಯನ್ನು ಗೋಣಿಚೀಲದೊಳಗೆ ಹಾಕಿ, ಬಾಯಿ ಕಟ್ಟಿ, ಕಲ್ಲಿಗೆ ಬಡಿಯುವುದು. ಮಡಕೆ ಒಳಗೇ ಚೂರಾಗುತ್ತದೆ. ಕಲಿಯುವವನು ಚೀಲ ಬಿಚ್ಚದೆ, ಕಣ್ಣಿನಿಂದ ನೋಡದೆ, ಹೊರಗಿನಿಂದಲೇ ಕೈಯಾಡಿಸಿ ಚೂರಿಗೆ ಚೂರು ಕೂಡಿಸಿ ಮಡಕೆಯ ಆಕಾರ ತರಬೇಕು. ಚರ್ಮದ ಒಳಗಿನ ಮೂಳೆಯನ್ನು ಕಾಣುವ ಕೈ ಹೀಗೇ ತಯಾರಾಗುವುದು.

ಯುವಕ ಈ ವಿದ್ಯೆಗೆಂದೇ ಹುಟ್ಟಿದವನ ಹಾಗಿದ್ದ. ಬೇರೆಯವರು ಮಳೆಗಾಲ ಪೂರ್ತಿ ಹೆಣಗುವ ಕೆಲಸವನ್ನು ಅವನು ಕೂತಲ್ಲೇ ಮುಗಿಸುತ್ತಿದ್ದ. ಸಂತೆಯ ದಿನ ಜನ ನಿಂತು ನೋಡುತ್ತಿದ್ದರು. ಕುಂಬಾರನೇ ಬಂದು ನೋಡಿ, "ನಾನು ಮಾಡಿದಾಗಲೂ ಇಷ್ಟು ದುಂಡಗಿರಲಿಲ್ಲ" ಎಂದು ನಕ್ಕು ಹೋದ. ಅದು ಸುಳ್ಳು ಹೊಗಳಿಕೆಯಲ್ಲ. ಅವನ ಬೆರಳಿಗೆ ನಿಜವಾಗಿಯೂ ಕಣ್ಣಿತ್ತು.

ಮಡಕೆಯ ಕಲಿಕೆ ಮುಗಿಯಿತು. ಯುವಕ ಇನ್ನು ಮನುಷ್ಯರನ್ನು ಕೊಡುತ್ತಾರೆ ಎಂದುಕೊಂಡ. ಆದರೆ ವೈದ್ಯ ಅವನ ಕೈಗೆ ಒಂದು ತಂಬಿಗೆ ಕೊಟ್ಟ.

"ಬಂದವರಿಗೆ ನೀರು ಕೊಡು. ಅವರ ಹತ್ತಿರ ಕೂತು ಮಾತಾಡು. ಆಮೇಲೆ ಬಂದು ನನಗೆ ಹೇಳು."

ಯುವಕ ನೀರು ಕೊಟ್ಟು ಬಂದು ವರದಿ ಒಪ್ಪಿಸುತ್ತಿದ್ದ. ಎಡ ಮಣಿಕಟ್ಟು, ಒಂದೇ ಮೂಳೆ, ಓರೆಯಾಗಿ ಸೀಳಿದೆ. ಬಲ ಮಂಡಿ, ಚಿಪ್ಪು ಪಕ್ಕಕ್ಕೆ ಸರಿದಿದೆ. ಒಂದೂ ತಪ್ಪುತ್ತಿರಲಿಲ್ಲ. ವೈದ್ಯ ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಹಾಕುತ್ತಿದ್ದ.

"ನೀರು ಕುಡಿದನೇ?"

ಇದೇನು ಪ್ರಶ್ನೆ ಎಂದು ಯುವಕನಿಗೆ ಅನ್ನಿಸುತ್ತಿತ್ತು. ಕುಡಿದರೆ ಕುಡಿದ, ಬಿಟ್ಟರೆ ಬಿಟ್ಟ. ಮುರಿದಿರುವುದು ಮೂಳೆ, ಗಂಟಲಲ್ಲ. ಅವನು ಅದನ್ನು ನೋಡಿಯೇ ಇರುತ್ತಿರಲಿಲ್ಲ. ಬಾಯಿಗೆ ಬಂದ ಹಾಗೆ "ಹೂಂ, ಕುಡಿದ" ಎನ್ನುತ್ತಿದ್ದ. ಮುದುಕನಿಗೆ ಅರಳುಮರಳು ಶುರುವಾಗಿದೆ ಎಂದು ಒಳಗೊಳಗೇ ಎಣಿಸಿದ.

ಆದರೆ ಅವನು ದಡ್ಡನಲ್ಲ. ವೈದ್ಯ ಕೀಲು ಕೂಡಿಸುವಾಗ ಹತ್ತಿರ ನಿಂತು ಕಣ್ಣು ನೆಟ್ಟು ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನಿಗೆ ಒಂದು ಗುಟ್ಟು ಸಿಕ್ಕಿತು. ವೈದ್ಯ ತೋಳನ್ನು ಕೈಗೆ ತೆಗೆದುಕೊಂಡವನೇ ಏನಾದರೂ ಒಂದು ಮಾತು ಕೇಳುತ್ತಿದ್ದ. ಒಬ್ಬನಿಗೆ, ನಿಮ್ಮೂರ ಕೆರೆ ಕೋಡಿ ಬಿತ್ತೇ? ಇನ್ನೊಬ್ಬಳಿಗೆ, ಬಾಣಂತಿ ಮಗಳು ಮನೆಗೆ ಬಂದಳೇ? ಅವರು ಉತ್ತರ ಹೇಳಲು ಬಾಯಿ ತೆರೆದ ಗಳಿಗೆಯಲ್ಲಿ ಕೀಲು ಟಕ್ ಎಂದು ಒಳಗೆ ಕೂರುತ್ತಿತ್ತು. ಹೇಳಬೇಕಾದ ಮಾತು ಬಾಯಲ್ಲೇ ಉಳಿದು, ಅವರು ಬೆಪ್ಪಾಗಿ ವೈದ್ಯನ ಮುಖ ನೋಡುತ್ತಿದ್ದರು.

ಯುವಕ ಇದನ್ನು ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡ. ಒಕ್ಕಲಿನವನಾದರೆ ಕೆರೆಯ ಮಾತು. ಹೆಂಗಸಾದರೆ ಮಕ್ಕಳ ಮಾತು. ಗಾಡಿ ಹೊಡೆಯುವವನಾದರೆ ಎತ್ತಿನ ಮಾತು. ಇಷ್ಟೇ. ಅಂಗಡಿಯ ಗುಟ್ಟು ತಿಳಿದ ಮೇಲೆ ಗಲ್ಲಾಪೆಟ್ಟಿಗೆಯ ಹಿಂದೆ ಕೂರಲು ತಡವೇಕೆ?

ಒಂದು ದಿನ ವೈದ್ಯ ನದಿಯಾಚೆಯ ಊರಿಗೆ ಹೋಗಬೇಕಾಯಿತು. ಮರುದಿನವಲ್ಲದೆ ಬರುವಂತಿರಲಿಲ್ಲ. ಅವನು ಹೋದ ಸ್ವಲ್ಪ ಹೊತ್ತಿಗೆ ಗಾಡಿಯವನೊಬ್ಬ ಬಂದ. ಉಪ್ಪು ಹೇರುವವನು. ಒಳ್ಳೆಯ ಮೈಕಟ್ಟಿನ ಆಳು. ಬಲಭುಜ ತಪ್ಪಿ ತೋಳು ಜೋತುಬಿದ್ದಿತ್ತು. ಹೆಂಡತಿ ಅವನನ್ನು ಎಡಗಡೆಯಿಂದ ಹಿಡಿದು ನಡೆಸಿಕೊಂಡು ಬಂದಳು.

ಯುವಕ ಬೆರಳು ಮುಟ್ಟಿ ನೋಡಿದ. ತಣ್ಣಗಿದ್ದವು. ಉಗುರು ಕಪ್ಪಗಾಗುತ್ತಿತ್ತು. ಒಳಗೆ ಜಾರಿದ ಮೂಳೆ ರಕ್ತದ ದಾರಿಯನ್ನು ಒತ್ತುತ್ತಿದೆ ಎಂದು ಅವನಿಗೆ ತಕ್ಷಣ ತಿಳಿಯಿತು. ನಾಳೆಯವರೆಗೆ ಬಿಟ್ಟರೆ ಕೈ ಇದ್ದೂ ಇಲ್ಲದಂತೆ. ಗಾಡಿಯವನಿಗೆ ಬಲಗೈ ಹೋದರೆ ಏನು ಉಳಿಯಿತು?

ಅವನು ಹೆದರಲಿಲ್ಲ. ಇಂಥ ದಿನಕ್ಕೇ ಕಾಯುತ್ತಿದ್ದವನು. ತಂಬಿಗೆಯನ್ನು ಗಾಡಿಯವನ ಪಕ್ಕದಲ್ಲಿಟ್ಟು, ಎಳ್ಳೆಣ್ಣೆ ಸವರಿ, ಅಂಗಾಲನ್ನು ನೆಲಕ್ಕೆ ಊರಿ, ತೋಳನ್ನು ಎರಡೂ ಕೈಯಲ್ಲಿ ಹಿಡಿದ. ಹಿಡಿತ ಎಲ್ಲಿರಬೇಕೋ ಅಲ್ಲೇ ಇತ್ತು. ಎಳೆಯುವ ದಿಕ್ಕೂ ಸರಿಯಾಗಿತ್ತು. ಮುಖದಲ್ಲಿ ನಗು ತಂದುಕೊಂಡು ಕೇಳಿದ.

"ಏನಣ್ಣಾ, ಎತ್ತುಗಳು ಹೇಗಿವೆ?"

ಗಾಡಿಯವನ ಮೈ ಕಲ್ಲಾಯಿತು. ಅದೇ ಗಳಿಗೆಯಲ್ಲಿ ಯುವಕ ಎಳೆದ.

ಮೂಳೆ ಕೂರಲಿಲ್ಲ. ತಡೆದು, ತಿಕ್ಕಿ, ಇನ್ನೂ ಒಳಗೆ ಸಿಕ್ಕಿಕೊಂಡಿತು. ಗಾಡಿಯವನ ಕೂಗಿಗೆ ಬೀದಿಯಲ್ಲಿ ಹೋಗುವವರು ನಿಂತರು. ಅವನು ಎಡಗೈಯಿಂದ ಯುವಕನನ್ನು ದೂಡಿ ಗೋಡೆಗೆ ಸರಿದು ಕೂತ. ಇನ್ನು ಯಾರು ಹತ್ತಿರ ಬಂದರೂ ಒದೆಯುವವನ ಹಾಗೆ ಕಾಲು ಮಡಚಿಕೊಂಡ.

"ನೀನು ಹೀಗೆ ಬಿಗಿಹಿಡಿದರೆ ನಾನೇನು ಮಾಡಲಿ?" ಎಂದ ಯುವಕ. "ಸ್ವಲ್ಪ ಸಡಿಲ ಬಿಡಬಾರದೇ?"

ಹೆಂಡತಿಯ ಕಣ್ಣಿಗೆ ಮೂಲೆಯಲ್ಲಿದ್ದ ಗೋಣಿಚೀಲ ಬಿತ್ತು. ಅವಳೂ ಸಂತೆಯಲ್ಲಿ ನಿಂತು ಅವನ ಆಟ ನೋಡಿದವಳೇ.

"ನಾವೇನು ಮಡಕೆ ತಂದಿದ್ದೀವೇನಪ್ಪಾ, ನೀನು ಮುಟ್ಟಿದ ಹಾಗೆಲ್ಲ ಸುಮ್ಮನೆ ಕೂತಿರೋದಕ್ಕೆ?" ಎಂದಳು. "ದೊಡ್ಡವರು ಇಲ್ಲ ಅಂತ ಬಾಗಿಲಲ್ಲೇ ಹೇಳಿದ್ದರೆ ಬೇರೆ ಕಡೆ ಹೋಗ್ತಿದ್ದೆವು."

ಯುವಕನಿಗೆ ಕೋಪ ಬಂತು. ಉತ್ತರವೂ ನಾಲಿಗೆಯ ತುದಿಗೆ ಬಂತು. ಹೋಗಿ, ಬೇರೆ ಕಡೆಗೇ ಹೋಗಿ, ಅನ್ನಬಹುದಿತ್ತು. ಅಂದಿದ್ದರೆ ಅವನ ಹೆಸರಿಗೆ ಏನೂ ಆಗುತ್ತಿರಲಿಲ್ಲ. ಕೀಲು ಹಳೆಯದಾಗಿತ್ತು, ರೋಗಿ ಮಾತು ಕೇಳಲಿಲ್ಲ ಎಂದರೆ ಮುಗಿಯಿತು. ಮಾಲು ಕೆಟ್ಟಾಗ ಗಿರಾಕಿಯನ್ನು ಬೈದು ಕಳಿಸುವ ಅಂಗಡಿಯವರು ಎಷ್ಟು ಮಂದಿ ಇಲ್ಲ, ಅವರ ಅಂಗಡಿಯೂ ನಡೆಯುತ್ತದೆ. ಬೇರೆ ವೈದ್ಯ ಸಿಗುವುದರೊಳಗೆ ಆ ಕೈ ಸತ್ತುಹೋಗುತ್ತದೆ, ಅಷ್ಟೇ. ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನಿಗೊಬ್ಬನಿಗೆ ಗೊತ್ತಿರುತ್ತಿತ್ತು.

ಅವನು ತಲೆ ತಗ್ಗಿಸಿದ. ತನ್ನ ಕೈ ಕಂಡಿತು. ಎರಡೂ ಮುಷ್ಟಿ ಬಿಗಿದಿದ್ದವು. ಗಾಡಿಯವನ ಕಡೆ ನೋಡಿದ. ಅವನೂ ಬಿಗಿದೇ ಇದ್ದ. ಒಬ್ಬ ಗೋಡೆಗೆ ಒರಗಿ ಕೂತು, ಇನ್ನೊಬ್ಬ ಕಂಬಕ್ಕೆ ಒರಗಿ ನಿಂತು, ಇಬ್ಬರೂ ಹಟ ಹಿಡಿದ ಎತ್ತುಗಳ ಹಾಗಿದ್ದರು.

ಯುವಕ ಹಿತ್ತಲಿಗೆ ಹೋಗಿ ಬಾವಿಯ ನೀರು ಸೇದಿ ಕೈಗೆ ಸುರಿದುಕೊಂಡ. ಬಿಗಿದ ಬೆರಳುಗಳು ಸಡಿಲವಾಗುವವರೆಗೆ ಅಲ್ಲೇ ನಿಂತ. ಮತ್ತೆ ಒಳಗೆ ಬಂದವನು ಮೊದಲು ಮೂಳೆಯನ್ನು ನೋಡಲಿಲ್ಲ. ತಂಬಿಗೆಯನ್ನು ನೋಡಿದ. ಅದು ಇಟ್ಟಲ್ಲೇ ಇತ್ತು. ತುಂಬಿತ್ತು. ಬಿಸಿಲಲ್ಲಿ ಅಷ್ಟು ದೂರದಿಂದ ಬಂದವನು ಒಂದು ಗುಟುಕು ನೀರು ಕುಡಿದಿರಲಿಲ್ಲ.

ಆಗ ಮುದುಕನ ಪ್ರಶ್ನೆ ಅವನಿಗೆ ಮೊದಲ ಸಲ ಕೇಳಿಸಿತು.

ಅವನು ಗಾಡಿಯವನು ಕೂತಿದ್ದ ಜಗುಲಿಯ ಮೇಲೆ ಕೂರದೆ ಕೆಳಗಿನ ಮೆಟ್ಟಿಲ ಮೇಲೆ ಕೂತ.

"ಅಕ್ಕಾ, ಏನಾಯಿತು ಅಂತ ನಾನು ಕೇಳಲೇ ಇಲ್ಲ."

"ಇಳಿಜಾರಲ್ಲಿ ಎತ್ತು ಹೋಯ್ತಪ್ಪಾ. ಹಳ್ಳಕ್ಕೆ ಬಿತ್ತು. ನೀನು ಎತ್ತು ಹೇಗಿದೆ ಅಂತ ಕೇಳಿದೆ."

ಯುವಕ ಬೇರೆ ಮಾತು ತೆಗೆಯಬಹುದಿತ್ತು. ಕೆರೆಯ ಮಾತಿತ್ತು, ಮಕ್ಕಳ ಮಾತಿತ್ತು. ಅವನು ಅವನ್ನು ಬಿಟ್ಟ.

"ತಪ್ಪು ನನ್ನದು ಅಣ್ಣಾ" ಎಂದ. "ಎತ್ತಿನ ಹೆಸರೇನು?"

"ಮತ್ತೆ ಅದನ್ನೇ ಕೆದಕ್ತೀಯಲ್ಲೋ" ಎಂದು ಹೆಂಡತಿ ಎದ್ದಳು. ಗಾಡಿಯವನು ಎಡಗೈ ಎತ್ತಿ ಅವಳನ್ನು ತಡೆದ.

"ಬೂದ" ಎಂದ.

ಯುವಕ ಕಾದ. ತೋಳನ್ನು ಮುಟ್ಟಲಿಲ್ಲ. ಗಾಡಿಯವನು ಗೋಡೆಯನ್ನು ನೋಡುತ್ತ ಹೇಳತೊಡಗಿದ. ಬೂದ ಎಡಗಡೆಯ ಎತ್ತು. ಕರುವಾಗಿದ್ದಾಗ ಮನೆಯೊಳಗೆ ನುಗ್ಗಿ ಹಿಟ್ಟಿನ ಮಡಕೆಗೆ ಬಾಯಿ ಹಾಕುತ್ತಿತ್ತು. ಅವನಿಗಿಂತ ಚೆನ್ನಾಗಿ ದಾರಿ ಗೊತ್ತಿತ್ತು, ಅವನು ಗಾಡಿಯಲ್ಲಿ ನಿದ್ದೆಹೋದರೂ ಮನೆ ಸೇರಿಸುತ್ತಿತ್ತು. ಇವತ್ತು ಹೊರಡುವಾಗ ಯಾಕೋ ಹಿಂದೇಟು ಹಾಕಿತು. ಅವನು ಬಾರುಕೋಲಿನಿಂದ ಬಾರಿಸಿದ. ಇಳಿಜಾರಿನಲ್ಲಿ ಚಕ್ರಕ್ಕೆ ಕೊಟ್ಟ ತಡೆಮರ ಮುರಿಯಿತು. ಉಪ್ಪಿನ ಭಾರವೆಲ್ಲ ಮುಂದಕ್ಕೆ ಬಂತು. ಬಲಗಡೆಯ ಎತ್ತು ಕಣ್ಣಿ ಕಿತ್ತುಕೊಂಡು ಓಡಿತು. ಬೂದ ಓಡಲಿಲ್ಲ. ಹಿಂಗಾಲು ಮಡಚಿ ಕೂತುಬಿಟ್ಟಿತು. ಗಾಡಿ ಅದರ ಕುತ್ತಿಗೆಯ ಮೇಲೆ ನಿಂತಿತು. ಅವನು ಧುಮುಕಿ ಮೂಗುದಾರದ ಹಗ್ಗ ಹಿಡಿದ.

"ಅಂಚಿನ ಮಣ್ಣು ಕುಸೀತು" ಎಂದ ಗಾಡಿಯವನು. "ನಾನು ಬಿಡಲಿಲ್ಲ. ಅದರ ಭಾರ ನನಗೆ ತಡೀತದಾ? ಆದರೂ ಬಿಡಲಿಲ್ಲ. ಬೆಳಿಗ್ಗೆ ಹೊಡೆದಿದ್ದೆನಲ್ಲ."

ಹೆಂಡತಿ ಸೆರಗು ಬಾಯಿಗೆ ಹಿಡಿದಳು. ಹೊಡೆದದ್ದನ್ನು ಅವನು ಅವಳಿಗೂ ಹೇಳಿರಲಿಲ್ಲ.

ಯುವಕ ಜೋತುಬಿದ್ದ ಬಲಗೈಯನ್ನು ನೋಡಿದ. ತೋಳು ಸತ್ತಂತಿದ್ದರೂ ಬೆರಳುಗಳು ಅಂಗೈಯೊಳಗೆ ಮಡಚಿಕೊಂಡಿದ್ದವು. ಉಗುರು ಕಪ್ಪಾದದ್ದನ್ನು ಅವನು ಆಗಲೇ ಕಂಡಿದ್ದ. ಮುಷ್ಟಿ ಕಟ್ಟಿದ್ದು ಕಣ್ಣಿಗೆ ಬಿದ್ದಿರಲಿಲ್ಲ.

ಅವನು ಮೇಲೆ ಬಂದು ಗಾಡಿಯವನ ಮೊಣಕೈ ಕೆಳಗೆ ತನ್ನ ಅಂಗೈ ಇಟ್ಟ. ಎಳೆಯಲಿಲ್ಲ. ಭಾರವನ್ನಷ್ಟೇ ಹೊತ್ತ.

"ಹಗ್ಗ ಬಿಡು ಅಣ್ಣಾ" ಎಂದ. "ಬೂದ ಹೋಗಿಯಾಯಿತು. ನೀನು ಬಿಟ್ಟದ್ದರಿಂದ ಹೋಗಲಿಲ್ಲ."

ಗಾಡಿಯವನು ತನ್ನ ಮುಷ್ಟಿಯನ್ನು ನೋಡಿದ, ಬೇರೆ ಯಾರದೋ ಕೈ ನೋಡುವವನ ಹಾಗೆ. ಬೆರಳುಗಳು ಒಂದೊಂದಾಗಿ ಬಿಚ್ಚಿದವು. ಅಷ್ಟು ದೊಡ್ಡ ಗಂಡಸು ಮಗುವಿನ ಹಾಗೆ ಅತ್ತ. ಹೆಂಡತಿ ಅವನನ್ನು ಸುಮ್ಮನಿರಿಸಲು ಹೋಗಲಿಲ್ಲ. ಅತ್ತು ಮುಗಿದ ಮೇಲೆ ಅವನು, "ನೀರು" ಎಂದ.

ಅವಳು ತಂಬಿಗೆ ಎತ್ತಿ ಕೊಟ್ಟಳು. ಅವನು ಎಡಗೈಯಲ್ಲಿ ಹಿಡಿದು, ತಲೆ ಹಿಂದಕ್ಕೆ ಚೆಲ್ಲಿ, ಗಟಗಟನೆ ಕುಡಿದ. ಯುವಕನ ಅಂಗೈಗೆ ಗೊತ್ತಾಯಿತು. ಸುಟ್ಟ ಮಡಕೆಯಂತಿದ್ದ ಭುಜ ಹಸಿ ಮಣ್ಣಿನಂತಾಗಿತ್ತು. ಅವನು ತೋಳನ್ನು ತುಸು ಹೊರಗೆ ತಿರುಗಿಸಿ, ತುಸು ಮೇಲಕ್ಕೆ ಎತ್ತಿದ. ಅಷ್ಟೇ. ಸಂಜೆಗೆ ದನ ತನ್ನ ಕೊಟ್ಟಿಗೆ ಹೊಕ್ಕ ಹಾಗೆ ಮೂಳೆ ಒಳಗೆ ಹೋಯಿತು.

ಗಾಡಿಯವನು ತಂಬಿಗೆ ಕೆಳಗಿಟ್ಟು, "ಇನ್ನು ಎಳೀರಪ್ಪಾ, ತಡೀತೀನಿ" ಎಂದ.

"ಆಯಿತಣ್ಣಾ" ಎಂದ ಯುವಕ.

ಬೆರಳಿಗೆ ಬಿಸಿ ಬಂತು. ಉಗುರಿನ ಬಣ್ಣ ತಿರುಗಿತು. ಯುವಕ ತೋಳಿಗೆ ಜೋಲಿ ಕಟ್ಟಿದ. ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತು, "ಮಡಕೆಯ ಮಾತು ಮನಸ್ಸಿಗೆ ಹಚ್ಚಿಕೋಬೇಡಪ್ಪಾ" ಎಂದಳು. ಆಮೇಲೆ, "ಹಚ್ಚಿಕೊಂಡರೂ ಪರವಾಗಿಲ್ಲ" ಎಂದು ಸೇರಿಸಿ ಗಂಡನ ಹಿಂದೆ ಹೋದಳು.

ಮರುದಿನ ವೈದ್ಯ ಬಂದ. ಸಂತೆಯ ಊರಲ್ಲಿ ಸುದ್ದಿ ಬಾಗಿಲು ಕಾಯುವುದಿಲ್ಲ, ದಾರಿಯಲ್ಲೇ ಎಲ್ಲ ಕೇಳಿದ್ದ. ಮೊದಲ ಸಲದ ಕೂಗನ್ನೂ ಕೇಳಿದ್ದ, ಎರಡನೆಯ ಸಲದ ಕೆಲಸವನ್ನೂ ಕೇಳಿದ್ದ. ಬೈಯಲೂ ಇಲ್ಲ, ಹೊಗಳಲೂ ಇಲ್ಲ.

"ಎರಡು ಸಲವೂ ಎತ್ತಿನ ಮಾತೇ ಆಡಿದೆಯಂತೆ?"

"ಹೌದು. ಮೊದಲ ಸಲ ನನಗೆ ಉತ್ತರ ಬೇಕಿರಲಿಲ್ಲ. ತೋಳು ಬೇಕಿತ್ತು."

ವೈದ್ಯ ಕಾಲು ತೊಳೆದು ಬಂದು ತನ್ನ ಹಳೆಯ ಪ್ರಶ್ನೆ ಹಾಕಿದ.

"ನೀರು ಕುಡಿದನೇ?"

"ಕುಡಿದ" ಎಂದ ಯುವಕ. ಈ ಸಲ ಅದು ಬಾಯಿಗೆ ಬಂದ ಮಾತಾಗಿರಲಿಲ್ಲ.

ಅಂದಿನಿಂದ ಜಗುಲಿಯ ಚಾಪೆಯ ಮೇಲೆ ಯುವಕ ಕೂತ. ತಂಬಿಗೆ ಹಿಡಿದು ಬಾಗಿಲಲ್ಲಿ ಕೂತವನು ಮುದುಕ ವೈದ್ಯ. ಕೈಯಲ್ಲಿ ಕಸುವು ಹೋದ ಮೇಲೆ ತನಗೆ ಉಳಿದ ದೊಡ್ಡ ಕೆಲಸ ಅದೇ ಎಂದು ಅವನು ಹೇಳುತ್ತಿದ್ದನಂತೆ.

*

ಗುರು ಕತೆ ನಿಲ್ಲಿಸಿ ಬೇರುಗಳ ಕಡೆ ತಿರುಗಿದರು.

ಶಿಷ್ಯ ಬುದ್ಧಿವಂತನಾದ್ದರಿಂದ ಕತೆಯಲ್ಲಿ ಒಂದು ಸಂದು ಹುಡುಕಿದ.

"ಹಾಗಾದರೆ ಗುರುಗಳೇ, ಮಡಕೆಯ ಕಲಿಕೆ ದಂಡವೇ? ಮರುಗುವ ಮನಸ್ಸೊಂದಿದ್ದರೆ ಸಾಕೇ?"

"ಸಾಲದು" ಎಂದರು ಗುರು. "ಮಡಕೆ ಕಲಿಯದ ಕೈಯಾಗಿದ್ದರೆ ಗಾಡಿಯವನು ಚೆನ್ನಾಗಿ ಅತ್ತು, ಮನಸ್ಸು ಹಗುರ ಮಾಡಿಕೊಂಡು, ಸತ್ತ ತೋಳು ಹೊತ್ತು ಮನೆಗೆ ಹೋಗುತ್ತಿದ್ದ. ಅಳಿಸುವವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಆ ಯುವಕನಂಥ ಕೈ ಸೀಮೆಗೆ ಒಂದು. ತನ್ನ ಕೈ ಅಂಥದ್ದು ಎಂದು ಗೊತ್ತಿದ್ದೂ ಅವನು ಮೆಟ್ಟಿಲಿಳಿದು ಕೂತನಲ್ಲ, ಅದಕ್ಕೇ ಅವನ ಕತೆ ಹೇಳಿದ್ದು. ಚಿಕ್ಕೀರನಿಗೂ ಸೂತ್ರ ಬಾಯಿಪಾಠ ಬರುವವರೆಗೆ ನಾನು ಅವನನ್ನು ಊರಿಗೆ ಕಳಿಸುವುದಿಲ್ಲ."

ಶಿಷ್ಯನ ಮುಖ ಅರಳಿತು.

"ನನಗೆ ಸೂತ್ರ ಬರುತ್ತದೆ. ಹದ ಬರುತ್ತದೆ. ಅಂಥ ಕೈ ನನಗೂ ಇದೆ ಎಂದಾಯಿತು. ಇನ್ನು ಜಗುಲಿಗೆ ಬರಲು ನನಗೇನು ಅಡ್ಡಿ, ಅದನ್ನಾದರೂ ಹೇಳಿ."

ಗುರು ಕೈಯಲ್ಲಿದ್ದ ಬೇರನ್ನು ಕೆಳಗಿಟ್ಟು ಅವನ ಮುಖ ನೋಡಿದರು.

"ನಿನ್ನೆ ನೀನು ಕಣ್ಣಿಗೆ ಮದ್ದು ಬಿಟ್ಟೆಯಲ್ಲ, ಆ ತಾಯಿ ಯಾರಿಗಾಗಿ ಅಳುತ್ತಿದ್ದಳು?"

ಒಳಗೆ ಕಷಾಯ ಉಕ್ಕಿ ಒಲೆಗೆ ಚೆಲ್ಲಿತು. ಶಿಷ್ಯ ಏಳಲಿಲ್ಲ.